ಎಂಟರವರೆಗೆ ಎಣಿಸಿ

ನನ್ನ ಮೊಣಕಾಲಿನ ಸವೆತ ಯಾವಾಗ ಶುರುವಾಯಿತೆಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಮೆಟ್ರೋ ಮೆಟ್ಟಿಲಿನಲ್ಲಿ ಎಂದೆ, ಯಡಿಯೂರು ಕೆರೆಯ ಸುತ್ತು ಹಾಕುವಾಗ ಎಂದೆ. ಎರಡೂ ನಾನು ಕಟ್ಟಿದ ಕತೆಯೇ ಇರಬೇಕು. ಡಾಕ್ಟರು ಹೇಳಿದ್ದು ಮಾತ್ರ ಖಚಿತ: ಆಪರೇಷನ್ ಸದ್ಯಕ್ಕೆ ಬೇಡ, ತೊಡೆ ಗಟ್ಟಿಯಾಗಲಿ.

ನನಗೆ ಬೇಕಿದ್ದದ್ದು ಇಷ್ಟೇ. ಒಂದೂವರೆ ತಿಂಗಳಲ್ಲಿ ಜಯನಗರದ ದೇವಸ್ಥಾನದಲ್ಲಿ ನಮ್ಮ ಹೆಂಗಸರ ಗುಂಪಿನ ಗಾಯನವಿತ್ತು. ಹೇಳಿಕೊಡುವವಳು ನಾನು. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇ ಹಾಡಬೇಕು. ಕುರ್ಚಿಯಲ್ಲಿ ಕೂತ ಗುರುವನ್ನು ಯಾರು ನಂಬುತ್ತಾರೆ?

ಬಿಳೇಕಹಳ್ಳಿಯ ಫಿಸಿಯೋ ಹುಡುಗಿ ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟಳು. "ಆಂಟಿ, ಇದನ್ನ ಒತ್ತಿ ಹಿಡೀರಿ. ನಿಧಾನವಾಗಿ ಎಂಟರವರೆಗೆ ಎಣಿಸಿ ಬಿಡಿ. ಎಂಟು ಸಲ."

ಎಂಟು! ಆದಿತಾಳದ ಒಂದು ಆವರ್ತ. ಐವತ್ತು ವರ್ಷದಿಂದ ಅದೇ ತೊಡೆಯ ಮೇಲೆ ತಾಳ ಹಾಕಿದವಳಿಗೆ ಇದಕ್ಕಿಂತ ಸುಲಭ ಔಷಧಿ ಉಂಟೆ? ಬೆಳಿಗ್ಗೆ ಸಂಜೆ ಒತ್ತಿದೆ, ವಿಳಂಬಕಾಲದಲ್ಲಿ, ಮನಸ್ಸಿನಲ್ಲೇ ಹಾಡುತ್ತ. ಹತ್ತನೇ ದಿನಕ್ಕೆ ಮಂಡಿ ಊದಿಕೊಂಡಿತು. ಹನ್ನೆರಡನೆಯದೋ ಏನೋ, ಊದಿದ್ದಂತೂ ನಿಜ.

"ಹೇಗೆ ಮಾಡ್ತಿದ್ರಿ, ತೋರ್ಸಿ," ಎಂದಳು ಫಿಸಿಯೋ.

ಒತ್ತಿದೆ. ಕೈಯಲ್ಲಿ ತಾಳ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು... ಅವಳು ಫೋನಿನ ಗಡಿಯಾರ ನೋಡಿದಳು. ನನ್ನ ಕೈ ನೋಡಿದಳು. ಮತ್ತೆ ಗಡಿಯಾರ ನೋಡಿದಳು.

"ಆಂಟಿ, ನಾನು ಹೇಳಿದ್ದು ಎಂಟು ಸೆಕೆಂಡು."

"ನಿಧಾನವಾಗಿ ಅಂದಿದ್ದು ನೀವೇ ಅಲ್ವಾ?"

"ಇಷ್ಟು ನಿಧಾನ ಅಂದ್ರೆ ನಾನು ಇನ್ನೊಬ್ರು ಪೇಷೆಂಟ್ ನೋಡ್ಕೊಂಡು ಬರಬಹುದು."

ತಾಳದ ವೇಗವನ್ನು ಮಧ್ಯಮಕಾಲಕ್ಕೆ ಏರಿಸಿದೆ, ಊತ ಇಳಿಯಿತು. ಆದರೆ ನೆಲದ ಮೇಲೆ ಕೂರುವುದಕ್ಕೆ ಅವಳು ಒಪ್ಪಲಿಲ್ಲ.

ಗಾಯನದ ದಿನ ಚಾಪೆಯ ಪಕ್ಕ ಕುರ್ಚಿ ಹಾಕಿಸಿ ಕೂತೆ. "ಓ, ಇವತ್ತು ಮಹಾರಾಣಿ ದರ್ಬಾರು," ಎಂದರು ಗುಂಪಿನ ಹಿರಿಯಾಕೆ, ನಿವೃತ್ತ ಸ್ಕೂಲ್ ಮೇಡಂ. ಚಾಪೆಯ ಮೇಲಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿಸಿ ಹಾಡು ಶುರುಮಾಡಿದೆ. ಎರಡನೇ ಹಾಡು ಮುಗಿದಾಗ ಅದೇ ಮೇಡಂ ಗೋಡೆ ಹಿಡಿದು ಎದ್ದರು.

"ಇನ್ನೊಂದು ಕುರ್ಚಿ ಇದ್ಯಾ?"

ಆಮೇಲೆ ಇನ್ನೊಬ್ಬರು ಕೇಳಿದರು, ಆಮೇಲೆ ಮತ್ತಿಬ್ಬರು. ಇಷ್ಟು ದಿನ ಎಲ್ಲರೂ ನನಗೆ ಹೆದರಿಯೇ ಚಾಪೆಯ ಮೇಲೆ ಕೂರುತ್ತಿದ್ದರಂತೆ. ಮಂಗಳ ಹಾಡುವ ಹೊತ್ತಿಗೆ ಚಾಪೆಯ ಮೇಲೆ ಉಳಿದದ್ದು ಶ್ರುತಿಪೆಟ್ಟಿಗೆ ಒಂದೇ. ಹಾಡು ಮುಗಿದರೂ ಅದು ಗುಂಯ್‌ಗುಡುತ್ತಲೇ ಇತ್ತು. ಬಗ್ಗಿ ನಿಲ್ಲಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ.