ನಾನು ಹೊಡೆದುಹಾಕಿದ ಒಂದು ಪದ

‘ಮೇಡಂ ಚೇರ್... ಮೇಡಂ ಚೇರ್...’ ಎರಡು ವರ್ಷದ ಹಿಂದೆ, ಕಾಫಿ ಹೊತ್ತಿಗೆ, ಪಟ್ಟಂದೂರು ಅಗ್ರಹಾರದ ನಮ್ಮ ಕಾಂಪೌಂಡಿನ ಆಚೆಯಿಂದ ದಿನಾ ಕೇಳುತ್ತಿದ್ದ ದನಿ. ಪಕ್ಕದ ಮನೆಯ ಮಂತ್ರಿಯದು. ಜಿನೀವಾದಲ್ಲಿ ನೀರಿನ ನೀತಿಯ ಅಂತರರಾಷ್ಟ್ರೀಯ ಪರಿಷತ್ತು. ನಮ್ಮ ನಿಯೋಗದ ಪರವಾಗಿ ಅವಳು ಮೂರು ನಿಮಿಷ ಮಾತಾಡಬೇಕು. ಅಧ್ಯಕ್ಷತೆ ಒಬ್ಬ ಹೆಂಗಸಿನದು, ಅದಕ್ಕೇ ಆ ಸಂಬೋಧನೆ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವಳ ತಾಯಿ ನನ್ನನ್ನು ಕಂಡು, “ನೋಡಿ ಟೀಚರಮ್ಮ, ಮಂತ್ರಿ ಆದ್ಮೇಲೆ ಕುರ್ಚಿಗೂ ಮೇಡಂ ಅಂತಾವ್ಳೆ. ಅಷ್ಟು ಭಯ ಕುರ್ಚಿ ಅಂದ್ರೆ” ಎಂದರು.

ನನಗೆ ಅವಳು ಈಗಲೂ ಸರ್ಕಾರಿ ಶಾಲೆಯ ಆರನೇ ಕ್ಲಾಸಿನ ಹುಡುಗಿ. ಎಣ್ಣೆ ಹಚ್ಚಿದ ಎರಡು ಜಡೆ, ಸಂಜೆ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್. ‘ವಿ’ ಅನ್ನುವಾಗ ಕೆಳತುಟಿ ಕಚ್ಚು ಎಂದು ಕಲಿಸಿದವಳು ನಾನು. ನನಗೆ ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್. ಅವರ ಬೈಬಲ್ಲಿನೊಳಗೆ ಜಿನೀವಾ ಸರೋವರದ ಪಿಕ್ಚರ್ ಪೋಸ್ಟ್‌ಕಾರ್ಡ್ ಇತ್ತು. ‘ಒನ್ ಡೇ ಐ ಶಲ್ ಸೀ ಇಟ್’ ಎಂದುಕೊಂಡಿದ್ದೆ. ನೋಡಲು ಹೊರಟವಳು ಇವಳು.

ಹೊರಡುವ ಹಿಂದಿನ ದಿನ ಭಾಷಣದ ಹಾಳೆ ತಂದಳು. “ಮಿಸ್, ನಿಮ್ಮ ಕಣ್ಣು ಒಂದ್ಸಲ ಬೀಳಲಿ ಇದ್ರ ಮೇಲೆ.”

ಕಣ್ಣಂತೂ ಆಗಲೇ ಬಿದ್ದಿತ್ತು.

ಮೊದಲ ಸಾಲಲ್ಲೇ ‘ದಿಸ್ ಇಂಟರ್ವೆನ್ಷನ್’ ಎಂದಿತ್ತು. ಹಾಗೆಂದರೆ ನನ್ನ ಲೆಕ್ಕದಲ್ಲಿ ಮಧ್ಯೆ ತಲೆಹಾಕುವುದು. “ಯಾರಮ್ಮ ಬರೆದದ್ದು? ಕರೆದವರ ಮನೆಗೆ ಹೋಗಿ ತಲೆಹಾಕೋಕೆ ಬಂದೆ ಅಂತೀಯಾ?” ಕೆಂಪು ಪೆನ್ನಿನಿಂದ ಹೊಡೆದು, ಮೇಲೆ ‘ಸ್ಪೀಚ್’ ಎಂದು ಬರೆದೆ. ಏನೋ ಹೇಳಲು ಹೋದವಳು “ಸರಿ ಮಿಸ್” ಎಂದು ಹಾಳೆ ಮಡಚಿಕೊಂಡಳು.

ನಾಲ್ಕು ದಿನದ ಮೇಲೆ ಫೋನಿನಲ್ಲಿ ಲೈವ್ ನೋಡಿದೆ. ಒಂದೊಂದು ದೇಶದ ಮಂತ್ರಿಯೂ ‘ಇನ್ ಮೈ ಇಂಟರ್ವೆನ್ಷನ್’ ಎನ್ನುವವರೇ. ಅಂಥ ಸಭೆಗಳಲ್ಲಿ ಭಾಷಣಕ್ಕೆ ಅದೇ ಹೆಸರಂತೆ. ನನ್ನ ಕಿವಿ ಬಿಸಿಯಾಯಿತು. ಇವಳ ಸರದಿ ಬಂತು. ಇವಳೂ ಇಂಟರ್ವೆನ್ಷನ್ ಎಂದಳು, ‘ವಿ’ಗೆ ತುಟಿ ಕಚ್ಚಿ, ಹೂವು ಬಿಡಿಸಿದಷ್ಟು ಹಗುರವಾಗಿ. ನಾನು ತಪ್ಪಿದೆನಲ್ಲ ಎಂಬುದಕ್ಕಿಂತ ಹೆಚ್ಚು ಉರಿದದ್ದು ಬೇರೆ: ನನ್ನ ಇಂಗ್ಲಿಷ್ ಯಾವತ್ತೂ ಕಾಲಿಡದ ಕೋಣೆಯಲ್ಲಿ, ನನ್ನ ಹತ್ತಿರ ಸ್ಪೆಲಿಂಗ್ ಕಲಿತವಳು ನೆಮ್ಮದಿಯಾಗಿ ಕೂತಿದ್ದಳು.

ಊರಿಗೆ ಬಂದ ಮರುದಿನ ನಮ್ಮ ಮನೆಗೆ ಬಂದಳು. ಚಾಕೊಲೇಟ್, ಜೊತೆಗೆ ಸರೋವರದ ಒಂದು ಪೋಸ್ಟ್‌ಕಾರ್ಡ್. ಟ್ಯೂಷನ್ನಿನಲ್ಲಿ ಎಂದೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಕೆಂಪು ಪೆನ್ನಿನ ಮಾತು ಎತ್ತಲಿಲ್ಲ.

“ಹೇಗಿತ್ತು ಮಿಸ್?”

‘ಸಾರಿ, ತಪ್ಪು ನನ್ನದೇ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. “ಎಲ್ಲಾ ಚೆನ್ನಾಗಿತ್ತು. ‘ವಿ’ ಮಾತ್ರ ಇನ್ನೂ ‘ಡಬ್ಲ್ಯೂ’ ಥರಾನೇ ಕೇಳುತ್ತೆ ಕಣಮ್ಮ” ಎಂದೆ.

ಅವಳ ಮುಖ ಆರನೇ ಕ್ಲಾಸಿನದಾಯಿತು. “ಹೌದಾ ಮಿಸ್? ಮುಂದಿನ ಸಲ ತಿದ್ಕೋತೀನಿ.”

ಆ ವಾರವೇ ಅವರೆಲ್ಲ ಸರ್ಕಾರಿ ಬಂಗಲೆಗೆ ಹೋದರು. ಮುಂದಿನ ಸಲದ ಹಾಳೆ ನನ್ನ ಹತ್ತಿರ ಬರಲಿಲ್ಲ. ಅವಳನ್ನು ನಾನು ಕೊನೆಯದಾಗಿ ಕಂಡದ್ದು ಆ ಪೋಸ್ಟ್‌ಕಾರ್ಡ್ ತಂದ ದಿನವೇ, ನಮ್ಮ ಬಾಗಿಲಲ್ಲಿ. ಗನ್‌ಮ್ಯಾನ್ ಗೇಟು ತೆರೆದು ನಿಂತಿದ್ದ. ಅವಳು ಚಪ್ಪಲಿ ಮೆಟ್ಟುತ್ತಾ, ಕೆಳತುಟಿ ಕಚ್ಚಿ, ‘ವಿ... ವಿ...’ ಎನ್ನುತ್ತಿದ್ದಳು. ಸರಿಯಾಗಿಯೇ ಅನ್ನುತ್ತಿದ್ದಳು.