ಬಾಗಿಲ ಕೆಳಗಿನ ಒಂದು ಗೇಣು

ನಗರದ ಆರೋಗ್ಯ ಇಲಾಖೆಯ ಮುಂದೆ ಎಂಟು ತಿಂಗಳು ಒಂದು ಗಹನವಾದ ಪ್ರಶ್ನೆ ಕೂತಿತ್ತು: ಶೌಚಾಲಯದ ಬಾಗಿಲು ನೆಲದಿಂದ ಎಷ್ಟು ಮೇಲಿರಬೇಕು? ಮೂರು ಸಭೆ ನಡೆದವು, ಬಿಸ್ಕತ್ತು ಖರ್ಚಾದವು, ಬಾಗಿಲು ಇದ್ದಲ್ಲೇ ಇತ್ತು. ಬಸ್ ನಿಲ್ದಾಣದ ಶೌಚಾಲಯ ತೊಳೆಯುವ ಅಕ್ಕ ಮಾತ್ರ ಮೊದಲ ದಿನವೇ ಉತ್ತರ ಹೇಳಿದ್ದರು: "ಒಂದು ಗೇಣು."

ಬೆಳಗಿನ ಐದೂವರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಕೋಲು ಹಿಡಿದು ಅಕ್ಕ ಹನ್ನೊಂದು ಬಾಗಿಲುಗಳ ಸಾಲಿನುದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. "ಅಣ್ಣಾ, ಇದ್ದೀಯಾ?"

"ಇದ್ದೀನಮ್ಮಾ, ಇರೋಕೆ ಬಿಡು!"

ಅಕ್ಕನಿಗೆ ಖುಷಿ. "ಬೈಯೋನಿಗೆ ಉಸಿರಿದೆ ಅಂತ ಲೆಕ್ಕ."

ಊರಿಗೆ ಕೃತಕ ಗಾಂಜಾ ಬಂದ ಮೇಲೆ ಅಕ್ಕನಿಗೆ ಈ ಬಾಗಿಲು ತಟ್ಟುವ ಕೆಲಸ ಅಂಟಿಕೊಂಡಿತು. ಯಾವುದೋ ಒಣಸೊಪ್ಪಿಗೆ ಯಾವುದೋ ರಾಸಾಯನಿಕ ಸಿಂಪಡಿಸಿದ ಮಾಲು; ಸೇದಿದವರು ಕಡಿದ ಬಾಳೆಯಂತೆ ಬೀಳುತ್ತಾರೆ. ಸೇದಲು ಮರೆ ಬೇಕು, ಬಿಟ್ಟಿ ಚಿಲಕ ಇರುವುದು ಇಲ್ಲೇ. ಹೋದ ವರ್ಷ ಆರನೇ ಬಾಗಿಲ ಹಿಂದೆ ಬಿದ್ದವನ ಸುದ್ದಿ ತಿಳಿಯುವಷ್ಟರಲ್ಲಿ ಉಸಿರು ನಿಂತಿತ್ತು. "ಕಾಲು ಕಂಡಿದ್ರೆ ಸಾಕಿತ್ತು," ಎನ್ನುತ್ತಾರೆ ಅಕ್ಕ. "ಬಾಯಿ ಸುಳ್ಳು ಹೇಳತ್ತೆ, ಕಾಲು ಹೇಳಲ್ಲ."

ಇಲಾಖೆ ಅರ್ಧ ದಿನ ತರಬೇತಿ ಕೊಟ್ಟಿತು: ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಇವತ್ತು ಯಾವ ವಾರವೆಂದು ಕೇಳಿ, ಉತ್ತರ ತಪ್ಪಿದರೆ ಆಂಬುಲೆನ್ಸ್ ಕರೆಸಿ. ಬಾಗಿಲು ಕತ್ತರಿಸುವುದಕ್ಕೆ ಮಾತ್ರ "ಪರಿಶೀಲಿಸಲಾಗುವುದು" ಎಂಬ ಉತ್ತರ.

ಒಂದು ಬುಧವಾರ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಪರಿಶೀಲಿಸಲು ಬಂದರು. ಅಕ್ಕ ನೀರು ತರಲು ಹೋಗಿದ್ದಾಗ ಆರನೇ ಬಾಗಿಲು ಹಾಕಿಕೊಂಡು, ಹಲ್ಲಲ್ಲಿ ಪೆನ್ಸಿಲು ಕಚ್ಚಿ, ನೆಲದ ಮೇಲೆ ಉದ್ದಕ್ಕೆ ಮಲಗಿ ಅಳತೆಯ ಟೇಪು ಹಿಡಿದರು. ಅಕ್ಕ ಬಂದು ತಟ್ಟಿದರೆ ಒಳಗಿಂದ "ಊಂ... ಊಂ..." ಅಷ್ಟೆ. ಬಾಗಿಲ ಸಂದಿಗೆ ಚಮಚ ತೂರಿಸಿ ಚಿಲಕ ಎತ್ತಿದ ಅಕ್ಕ, ಅವರನ್ನು ಹೊರಗೆಳೆದು ಮಗ್ಗುಲಿಗೆ ಹೊರಳಿಸಿಯೇಬಿಟ್ಟರು.

"ಅಮ್ಮಾ, ನಾನು ಆಫೀಸರು!"

"ಹೋದ ವಾರದವನು ಮಂತ್ರಿ ಅಂದಿದ್ದ. ಸುಮ್ನೆ ಮಲ್ಕೋ. ಇವತ್ತು ಯಾವ ವಾರ?"

ಗಾಬರಿಯಲ್ಲಿ ಅಧಿಕಾರಿ ಮಂಗಳವಾರ ಎಂದರು. ಕೆಟ್ಟಿತು ಕೆಲಸ. ಆಂಬುಲೆನ್ಸ್ ಬರುವವರೆಗೆ ಹದಿನೆಂಟು ನಿಮಿಷ ಅಕ್ಕ ಅವರ ಭುಜದ ಮೇಲಿನ ಕೈ ತೆಗೆಯಲಿಲ್ಲ.

"ಬಾಗಿಲು ಗಿಡ್ಡ ಇದ್ದಿದ್ರೆ ನನ್ನ ಕೈಲಿದ್ದ ಟೇಪು ನಿಮಗೆ ಕಾಣ್ತಿತ್ತು," ಎಂದು ಮಲಗಿದ್ದಲ್ಲೇ ಗೊಣಗಿದರು ಅವರು.

"ಅದನ್ನೇ ಎಂಟು ತಿಂಗಳಿಂದ ಬಡ್ಕೋತಿದ್ದೀನಿ, ಸ್ವಾಮಿ!"

ನಾಲ್ಕನೇ ಸಭೆ ನಡೆಯಲಿಲ್ಲ. ಮರುವಾರ ಬಡಗಿ ಬಂದ. ಈಗ ಹನ್ನೊಂದು ಬಾಗಿಲೂ ನೆಲದಿಂದ ಒಂದು ಗೇಣು ಮೇಲಿವೆ. ಈ ತಿಂಗಳು ಆರು ಜನ ಬಿದ್ದರು. ಆರೂ ಜನ ಎದ್ದು ಹೋದರು.