ವಿಡ್ಬಿ ದ್ವೀಪದಲ್ಲಿ ಒಂದು ಮೀನಿನ ವಿಚಾರಣೆ

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಬೆಳಗಿನ ನಾಲ್ಕೂವರೆಗೆ ನಾವು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನ ಎಜುಕೇಶನ್ ಹಿಲ್‌ನಿಂದ ಹೊರಟೆವು. ನಾವು ಎಂದರೆ ಇಬ್ಬರು. ಪಕ್ಕದ ಮನೆಯ ರಹಮತ್ ಸಾಹೇಬರು ಮೀನು ಹಿಡಿಯಲಿಕ್ಕೆ. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಸಾಕ್ಷಿ ಹೇಳಲಿಕ್ಕೆ.

ಮೀನು ಹಿಡಿಯುವ ಕಡೆ ಸಾಕ್ಷಿಗೇನು ಕೆಲಸ ಎಂದು ಕೇಳುವವರಿಗೆ ಹಿನ್ನೆಲೆ ಹೇಳಬೇಕು. ಸಾಹೇಬರು ಮೈಸೂರಿನ ಉದಯಗಿರಿಯವರು, ಇಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮಾತ್ರ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಲೋಟ ಹಿಡಿಯುತ್ತದೆ, ಆದರೆ ಬೇಗ ಸೋಲುತ್ತದೆ. ಅದನ್ನು ಅವರು ಹೆಚ್ಚಾಗಿ ಜಾಕೆಟ್ಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಹೋದ ತಿಂಗಳು ಕಡಲದಂಡೆಯಲ್ಲಿ ಗಾಳದ ಕೋಲು ಆ ಕೈಯಿಂದ ಜಾರಿ ನೀರಿಗೆ ಬಿತ್ತು. ಹಿಡಿಯಲು ಹೋಗಿ ಸಾಹೇಬರೂ ಸೊಂಟದವರೆಗೆ ನೀರಿಗಿಳಿದರು. ಅಂದಿನಿಂದ ಅವರ ಹೆಂಡತಿ ನಸೀಮಾ ಅವರಿಗೆ ನಿದ್ದೆ ಸರಿಯಾಗಿಲ್ಲ. ಡುವಾಲ್ ಊರಿನ ಯಾರಿಗೋ ಫೋನ್ ಮಾಡಿ, ಕೋಲನ್ನೂ ಡಬ್ಬಿಗಟ್ಟಲೆ ಸಾಮಾನನ್ನೂ ಭಾನುವಾರ ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿಬಿಟ್ಟಿದ್ದರು. ಸಾಹೇಬರು ಶನಿವಾರ ಒಂದು ದಿನ ಕೇಳಿಕೊಂಡರು. ಒಂದು ಮೀನನ್ನು ಯಾರ ಸಹಾಯವೂ ಇಲ್ಲದೆ ತಮ್ಮ ಕೈಯಿಂದಲೇ ದಡಕ್ಕೆ ತಂದರೆ ಕೋಲು ಉಳಿಯುತ್ತದೆ. ಇಲ್ಲದಿದ್ದರೆ ಡುವಾಲ್‌ಗೆ ಹೋಗುತ್ತದೆ. ಒಪ್ಪಂದ ಇಷ್ಟೇ.

ಸಾಕ್ಷಿಗೆ ನನ್ನನ್ನು ಆರಿಸಿದ್ದು ನಸೀಮಾ ಅವರೇ. ನಾನು ಭಾನುವಾರಗಳಂದು ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಮೀನು ತಿನ್ನದವನಿಗೆ ಮೀನಿನ ವಿಷಯದಲ್ಲಿ ಸುಳ್ಳು ಹೇಳುವ ಆಸೆ ಹುಟ್ಟುವುದಿಲ್ಲ ಎಂಬುದು ಅವರ ವಾದ. ಕಾರು ಹತ್ತುವಾಗ ಚಹಾದ ಫ್ಲಾಸ್ಕು, ನನಗೆಂದು ಬೇರೆಯಾಗಿ ಮಾಡಿದ ಟೊಮೇಟೊ ಬಾತು ಎರಡನ್ನೂ ಕೈಗಿತ್ತು ತಗ್ಗಿದ ದನಿಯಲ್ಲಿ ಅಪ್ಪಣೆ ಕೊಟ್ಟರು.

"ಅವರು ಕರೆದ್ರೂ ನೀವು ಕೈ ಹಾಕ್ಬೇಡಿ ಮೇಷ್ಟ್ರೇ. ಆಗತ್ತೋ ಇಲ್ವೋ ಅವರಿಗೇ ಗೊತ್ತಾಗ್ಲಿ. ನೀರಿಗೆ ಇಳಿದ್ರೆ ಮಾತ್ರ ಕಾಲರ್ ಹಿಡ್ಕೊಂಡು ಎಳೀರಿ."

ಕಾರುಗಳನ್ನು ದ್ವೀಪಕ್ಕೆ ದಾಟಿಸುವ ಹಡಗು ನಿಲ್ಲುವ ಮಕಿಲ್ಟಿಯೋ ಫೆರಿಕಟ್ಟೆಗೆ ನಲವತ್ತು ನಿಮಿಷದ ದಾರಿ. ಲಿನ್‌ವುಡ್ಡಿನ ಅಪಾರ್ಟ್‌ಮೆಂಟುಗಳೆಲ್ಲ ಇನ್ನೂ ಮಲಗಿದ್ದವು. ಫೆರಿಯಲ್ಲಿ ಅರವತ್ತೈದು ದಾಟಿದವರಿಗೆ ಅರ್ಧ ದರ. ಟಿಕೆಟ್ಟಿನ ಗೂಡಿನಲ್ಲಿದ್ದ ಹೆಂಗಸು ಗುರುತಿನ ಚೀಟಿಯನ್ನೂ ಕೇಳದೆ ನನ್ನ ಮುಖವನ್ನೊಮ್ಮೆ ನೋಡಿ ರಿಯಾಯಿತಿ ಮಂಜೂರು ಮಾಡಿದಳು. ಉಳಿದ ದುಡ್ಡಿಗಿಂತ ಆದ ನೋವೇ ಹೆಚ್ಚು.

ಆಚೆ ದಡದ ವಿಡ್ಬಿ ದ್ವೀಪಕ್ಕೆ ಇಪ್ಪತ್ತು ನಿಮಿಷ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಡಗು ಆಗಾಗ ಕೊಂಬು ಊದಿ ತಾನಿರುವುದನ್ನು ತಾನೇ ಖಚಿತಪಡಿಸಿಕೊಳ್ಳುತ್ತಿತ್ತು. ನಾವು ಮೇಲಿನ ಅಂತಸ್ತಿನಲ್ಲಿ ಕಿಟಕಿಯ ಪಕ್ಕ ಕೂತೆವು. ಸಾಹೇಬರು ಚಹಾ ಕುಡಿಯುತ್ತ ನ್ಯೂಜೆರ್ಸಿಯ ಕಥೆ ತೆಗೆದರು. ಇಲ್ಲಿಗೆ ಬರುವ ಮುಂಚೆ ಏಳು ವರ್ಷ ಅವರು ಅಲ್ಲಿದ್ದರು. ಆ ಕರಾವಳಿಯಲ್ಲಿ ಮೈಮೇಲೆ ಕಪ್ಪು ಗೆರೆ ಎಳೆದುಕೊಂಡ ಸ್ಟ್ರೈಪ್ಡ್ ಬಾಸ್ ಎಂಬ ಮೀನು ದಡಕ್ಕೇ ಬರುತ್ತದೆ. ಅಲೆಯಲ್ಲಿ ನಿಂತು ಹಿಡಿಯಬೇಕು. ಒಂದು ಬಾಸ್ ಕೋಲಿನ ರಾಟೆಯಲ್ಲಿದ್ದ ದಾರವನ್ನೆಲ್ಲ ಎಳೆದು, ಕೊನೆಗೆ ಪಟ್ಟೆಂದು ಕಡಿದು, ದಾರದ ಸಮೇತ ಹೊರಟುಹೋಯಿತಂತೆ. ಇನ್ನೊಂದು ದಡಕ್ಕೆ ಬಂತು. ಯಾವ ಪೆಟ್ಟಿಗೆಯಲ್ಲೂ ಹಿಡಿಸದೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದರು. ಅಡುಗೆಮನೆಯ ಕಟ್ಟೆ ಸಾಲದೆ ನಸೀಮಾ ಅದನ್ನು ಸ್ನಾನದ ತೊಟ್ಟಿಯಲ್ಲಿಟ್ಟು ಹೆಚ್ಚಿದರು. ಕಟ್ಟಡದ ಒಂಬತ್ತು ಮನೆಗಳಿಗೆ ಹಂಚಿದರೂ ಮುಗಿಯಲಿಲ್ಲವಂತೆ. ಈ ಕಥೆಯನ್ನು ನಾನು ಹಿಂದೆಯೂ ಕೇಳಿದ್ದೆ. ಆಗ ಮನೆಗಳು ಆರಿದ್ದವು.

"ಅದರ ಜೊತೆ ಮುಕ್ಕಾಲು ಗಂಟೆ ಗುದ್ದಾಡಿದೀನಿ ಮೇಷ್ಟ್ರೇ," ಎಂದರು ಸಾಹೇಬರು. ಲೋಟವನ್ನು ಎಡಗೈಗೆ ಬದಲಿಸಿ, "ಆಗ ಎರಡು ಕೈ ಇದ್ವು," ಎಂದರು. ಅದರಲ್ಲಿ ಗೋಳೇನೂ ಇರಲಿಲ್ಲ. ಆಗ ನಮ್ಮತ್ರ ಎರಡು ಕಾರಿದ್ವು ಎಂದು ಹೇಳಿದ ಹಾಗೆ ಹೇಳಿದರು.

ಇಳಿದು, ಫರ್ ಮರಗಳ ನಡುವಿನ ರಸ್ತೆಯಲ್ಲಿ ಅರ್ಧ ಗಂಟೆ ಹೋಗಿ ದ್ವೀಪದ ಪಶ್ಚಿಮದಂಡೆಯ ಬುಶ್ ಪಾಯಿಂಟ್ ತಲುಪಿದೆವು. ಮರಳಿಲ್ಲದ ದಡ, ಎಲ್ಲ ದುಂಡು ಕಲ್ಲು. ನಮಗಿಂತ ಮುಂಚೆಯೇ ಹತ್ತು ಹನ್ನೆರಡು ಜನ ಮಾರುದ್ದ ಬಿಟ್ಟು ಮಾರುದ್ದಕ್ಕೆ ನಿಂತು, ಯಾರೂ ಯಾರನ್ನೂ ಮಾತಾಡಿಸದೆ ಗಾಳ ಎಸೆಯುತ್ತಿದ್ದರು. ನಮ್ಮ ಎಡಕ್ಕಿದ್ದವಳು ಹಸಿರು ರಬ್ಬರ್ ಬೂಟಿನ ಅಮೆರಿಕನ್ ಅಜ್ಜಿ. ತಲೆ ಅಲ್ಲಾಡಿಸಿ ನಮ್ಮನ್ನು ಸಾಲಿಗೆ ಸೇರಿಸಿಕೊಂಡಳು.

ಇಲ್ಲಿ ಸ್ಟ್ರೈಪ್ಡ್ ಬಾಸ್ ಇಲ್ಲ. ಈ ಕಾಲದಲ್ಲಿ ಬರುವುದು ಕೋಹೋ ಎಂಬ ಬೆಳ್ಳಿಬಣ್ಣದ ಸಾಲ್ಮನ್, ಹುಟ್ಟಿದ ಹೊಳೆಗೆ ಮೊಟ್ಟೆಯಿಡಲು ಮರಳುವ ದಾರಿಯಲ್ಲಿ. ಅದನ್ನು ಹಿಡಿಯಲು ಸರ್ಕಾರದ ನಿಯಮಗಳು ಬಹಳ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿರಬೇಕು. ಮುಖ್ಯವಾಗಿ, ಮೀನಿನ ಬೆನ್ನ ಮೇಲೆ ಬಾಲದ ಹತ್ತಿರ ಹೆಬ್ಬೆರಳಿನಷ್ಟು ಪುಟ್ಟದೊಂದು ರೆಕ್ಕೆ ಇರುತ್ತದೆ. ಕೆಲವು ಮೀನಿಗೆ ಅದು ಕತ್ತರಿಸಿಹೋಗಿರುತ್ತದೆ. ಒಂದು ಬಗೆಯದನ್ನು ಮನೆಗೆ ಒಯ್ಯಬಹುದು, ಇನ್ನೊಂದು ಬಗೆಯದನ್ನು ತಕ್ಷಣ ನೀರಿಗೆ ಬಿಡಬೇಕು. ಹಿಂದಿನ ದಿನವೇ ನಿಯಮಗಳ ಪುಸ್ತಕದ ಆ ಪುಟವನ್ನು ನಾನು ಶ್ರದ್ಧೆಯಿಂದ ಓದಿದ್ದೆ. ಕಂಪನಿಗಳಿಗೆ ಬಳಕೆಯ ಕೈಪಿಡಿ ಬರೆದುಕೊಟ್ಟು ಇಪ್ಪತ್ತು ವರ್ಷ ಅನ್ನ ತಿಂದವನು ನಾನು. ಕಾನೂನು ವಿಭಾಗ ತಾನಾಗಿಯೇ ನನ್ನ ಪಾಲಿಗೆ ಬಂದಿತ್ತು.

ಸಾಹೇಬರು ಬಲಗೈಯಲ್ಲಿ ಕೋಲು ಹಿಡಿದು ಎಡಗೈಯಲ್ಲಿ ರಾಟೆ ತಿರುಗಿಸುವವರು. ಹಾಗಾಗಿ ಭಾರವೆಲ್ಲ ಸೋತ ಕೈಯ ಮೇಲೆ. ಮೊದಲ ಎಸೆತ ಸಮುದ್ರವನ್ನು ಬಿಟ್ಟು ದಡದ ಮರದ ದಿಮ್ಮಿಯನ್ನು ಹಿಡಿಯಿತು. ಎರಡನೆಯದು ನನ್ನ ಟೋಪಿಯನ್ನು ಪರಿಶೀಲಿಸಿ ಮುಂದೆ ಹೋಯಿತು. ಆಮೇಲೆ ನೀರಿಗೆ ಬೀಳತೊಡಗಿತು. ಹತ್ತು ಎಸೆತಕ್ಕೊಮ್ಮೆ ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ಸೀಲ್ ಪ್ರಾಣಿ ನೀರಿನಿಂದ ಬೋಳುತಲೆ ಎತ್ತಿ, ನಮ್ಮಿಬ್ಬರನ್ನೂ ಅಳೆದು, ಭಯಕ್ಕೆ ಕಾರಣವಿಲ್ಲವೆಂದು ತೀರ್ಮಾನಿಸಿ ಮುಳುಗಿತು.

ಒಂಬತ್ತರ ಸುಮಾರಿಗೆ ಮಂಜು ಎದ್ದು, ಎದುರು ದಡದ ಒಲಿಂಪಿಕ್ ಬೆಟ್ಟಗಳು ಕಾಣಿಸಿಕೊಂಡವು. ಚೆನ್ನಾಗಿದೆ ನೋಡಿ ಎಂದು ಹೇಳಲು ತಿರುಗಿದರೆ ಸಾಹೇಬರ ಕೋಲು ಬಿಲ್ಲಿನ ಹಾಗೆ ಬಗ್ಗಿತ್ತು, ರಾಟೆ ಕೀರಲು ದನಿಯಲ್ಲಿ ಕೂಗುತ್ತಿತ್ತು. ಐವತ್ತು ಗಜದಾಚೆ ಏನೋ ಒಂದು ನೀರಿನಿಂದ ಪೂರಾ ಮೇಲೆದ್ದು ಬಿಸಿಲಿನಲ್ಲಿ ಹೊಳೆದು ಬಿತ್ತು. ಇಷ್ಟು ದೊಡ್ಡ ಕೋಹೋ ಈ ವರ್ಷ ಇಲ್ಲಿ ಕಂಡಿಲ್ಲವೆಂದಳು ಅಜ್ಜಿ. ತಕ್ಷಣ ತನ್ನ ದಾರವನ್ನು ಸುತ್ತಿಕೊಂಡು ಹಿಂದೆ ಸರಿದಳು. ಅವಳ ಆಚೆಯವನೂ ಸುತ್ತಿಕೊಂಡ, ಅವನ ಆಚೆಯವನೂ. ಒಬ್ಬರಿಗೆ ಮೀನು ಸಿಕ್ಕಿದರೆ ಅಕ್ಕಪಕ್ಕದವರೆಲ್ಲ ಗಾಳ ಎಳೆದುಕೊಂಡು ಜಾಗ ಬಿಡುವುದು ಆ ದಡದ ಪದ್ಧತಿ. ಬೆಳಗಿನಿಂದ ನಮ್ಮೊಡನೆ ಒಂದು ಮಾತೂ ಆಡದಿದ್ದ ಜನ ಈಗ ಕೈಕಟ್ಟಿ ಸಾಲಾಗಿ ನಿಂತು, ರಹಮತ್ ಸಾಹೇಬರಿಗೆ ಇಡೀ ಸಮುದ್ರವನ್ನು ಬಿಟ್ಟುಕೊಟ್ಟಿದ್ದರು.

ಮೀನು ಎಳೆಯಿತು, ಸಾಹೇಬರು ಬಿಟ್ಟರು. ಅದು ನಿಂತಿತು, ಇವರು ಸುತ್ತಿದರು. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಬಲಗೈ ಮೊಣಕೈಯವರೆಗೂ ನಡುಗತೊಡಗಿತು.

"ಮೇಷ್ಟ್ರೇ, ಬೆರಳು ಬಿಡ್ತಾ ಇವೆ."

ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಒಂದರ ಮಣಿಕಟ್ಟನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದಿದ್ದೆ. ಅಪ್ಪಣೆಯನ್ನು ಪಾಲಿಸುವುದು ಆ ಕ್ಷಣದಷ್ಟು ಕಷ್ಟವಾದದ್ದು ಇನ್ನೆಂದೂ ಇಲ್ಲ. ಅವರ ವ್ಯಾಯಾಮದ ಕ್ಲಿನಿಕ್ಕಿಗೆ ಎಷ್ಟೋ ಸಲ ಕಾರಿನಲ್ಲಿ ಕರೆದೊಯ್ದವನು ನಾನೇ. ಅಲ್ಲಿನ ಹುಡುಗಿ ರಬ್ಬರ್ ಚೆಂಡು ಹಿಸುಕಿಸುವಾಗ ಹತ್ತರವರೆಗೆ ಎಣಿಸುತ್ತಾಳೆ. ಹತ್ತು ಬರುವವರೆಗೆ ಬಿಡುವ ಹಾಗಿಲ್ಲ. ಬೇರೇನೂ ತೋಚದೆ ನಾನು ಎಣಿಸಲು ಶುರುಮಾಡಿದೆ. ಒಂದು, ಎರಡು, ಮೂರು. ಹತ್ತಾದ ಮೇಲೆ ಮತ್ತೆ ಒಂದು. ಭಾನುವಾರದ ತರಗತಿಯ ದನಿಯಲ್ಲೇ ಎಣಿಸಿದೆನೆಂದು ಕಾಣುತ್ತದೆ, ಅಜ್ಜಿ ಪ್ರಾರ್ಥನೆಯಿರಬೇಕೆಂದುಕೊಂಡು ಟೋಪಿ ತೆಗೆದಳು. ಎಷ್ಟು ಹತ್ತುಗಳಾದವೋ ಲೆಕ್ಕ ಇಡಲಿಲ್ಲ. ಸಾಹೇಬರು ಕೋಲಿನ ಬುಡವನ್ನು ಹೊಟ್ಟೆಗೊತ್ತಿಕೊಂಡು, ತುಟಿ ಕಚ್ಚಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ದಡ ಏರಿದರು. ಅವರ ಹಿಂದೆಯೇ, ಅಲೆಯೊಂದರ ಮೇಲೆ ಸವಾರಿ ಮಾಡಿ ಮೀನು ಒದ್ದೆ ಕಲ್ಲುಗಳ ಮೇಲೆ ಬಂದು ಮಲಗಿತು. ಅಜ್ಜಿ ಚಾಚಿದ ಬಲೆ ಬೇಕಾಗಲೇ ಇಲ್ಲ.

ಎರಡೂವರೆ ಅಡಿಗೆ ಕಡಿಮೆಯಿಲ್ಲದ, ಬೆಳ್ಳಿ ತಟ್ಟೆ ತಿಕ್ಕಿ ತೊಳೆದಂಥ ಮೀನು. ಸಾಹೇಬರು ಮೊಣಕಾಲೂರಿ ಬೆನ್ನು ನೋಡಿದರು. ಪುಟ್ಟ ರೆಕ್ಕೆ ಇರಲಿಲ್ಲ. ಇದ್ದ ಜಾಗದಲ್ಲಿ ಮಾಗಿದ ಗಾಯದ ಗುರುತಿತ್ತು.

"ಏನು ಮಾಡ್ಬೇಕು ಮೇಷ್ಟ್ರೇ? ಬೇಗ ಹೇಳಿ."

ರೆಕ್ಕೆಯ ಮೇಲೆ ತೀರ್ಪು ನಿಂತಿದೆ ಎಂಬುದು ನೆನಪಿತ್ತು. ಯಾವ ಕಡೆಗೆ ಎಂಬುದು ಆ ಗಡಿಬಿಡಿಯಲ್ಲಿ ಹಾರಿಹೋಗಿತ್ತು. ಮೀನು ಬಾಯಿ ಬಿಡುತ್ತಿತ್ತು, ಗ್ರಂಥ ಕಾರಿನಲ್ಲಿತ್ತು. ಹೀಗಾಗಿ ಮೂಲತತ್ತ್ವಗಳಿಂದ ಹೊರಟೆ. ಭಿನ್ನವಾದ ವಿಗ್ರಹವನ್ನು ನಾವು ಪೂಜೆಗಿಡುವುದಿಲ್ಲ, ಊನವಾದದ್ದನ್ನು ಸ್ವೀಕರಿಸಬಾರದು ಎಂದೆ. ಸಾಹೇಬರು ತಲೆದೂಗಿದರು. "ಕುರ್ಬಾನಿ ಕುರೀನೂ ಹಂಗೇ. ಕಿವಿ ಹರಿದಿದ್ರೂ ನಡಿಯಲ್ಲ." ಎರಡು ಧರ್ಮಗಳು ಒಮ್ಮತಕ್ಕೆ ಬಂದ ಮೇಲೆ ವಾಷಿಂಗ್ಟನ್ ರಾಜ್ಯದ ಮೀನುಗಾರಿಕೆ ಇಲಾಖೆಯದು ಬೇರೆ ಅಭಿಪ್ರಾಯವಿರಬಹುದೆಂದು ನಮಗೆ ಹೊಳೆಯಲಿಲ್ಲ. ಅವರು ಕೊಕ್ಕೆ ಬಿಡಿಸಿ, ಮೀನನ್ನು ಮೊಣಕಾಲುದ್ದದ ನೀರಿಗೊಯ್ದು, ಎಡಗೈಯನ್ನು ಹೊಟ್ಟೆಯಡಿಗೆ ಕೊಟ್ಟು, ಬಲಗೈಯಿಂದ ಬಾಲ ಹಿಡಿದು, ಅದು ಸುಧಾರಿಸಿಕೊಳ್ಳುವವರೆಗೆ ಕಾದರು. ನಾನು ಹಿಂದಿನಿಂದ ಅವರ ಕಾಲರ್ ಹಿಡಿದು ನಿಂತಿದ್ದೆ. ಏನೋ ಸಣ್ಣ ದನಿಯಲ್ಲಿ ಅದಕ್ಕೆ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಬಾಲ ಒಮ್ಮೆ ಬಡಿಯಿತು, ಮೀನು ಹೋಯಿತು.

ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡಿದ್ದಳು. ತಿನ್ನಬಹುದಾದ ಮೀನನ್ನು ಯಾಕೆ ಬಿಟ್ಟಿರಿ ಎಂದು ಕೇಳಿ, ಆಮೇಲೆ ಬಹಳ ಮೆತ್ತಗೆ ವಿವರಿಸಿದಳು. ರೆಕ್ಕೆಯಿಲ್ಲದ್ದು ಸರ್ಕಾರದ ಸಾಕುಮೀನು. ಹಿಡಿಯುವವರಿಗೆ ಗೊತ್ತಾಗಲೆಂದೇ ಮರಿಯಿದ್ದಾಗ ರೆಕ್ಕೆ ಕತ್ತರಿಸಿ ಬಿಟ್ಟಿರುತ್ತಾರೆ. ರೆಕ್ಕೆಯಿರುವ ಕಾಡುಮೀನನ್ನು ಮಾತ್ರ ಬಿಡಬೇಕು. ಅಂದರೆ, ಊಟಕ್ಕೆಂದೇ ಬೆಳೆಸಿ ಗುರುತು ಹಾಕಿ ಕಳಿಸಿದ್ದ ಮೀನಿಗೆ ನಾವು ಶಾಸ್ತ್ರೋಕ್ತವಾಗಿ ಕ್ಷಮಾದಾನ ಮಾಡಿದ್ದೆವು. ಫೋಟೋ ತೆಗೆಯಬೇಕಿತ್ತೆಂದು ನನಗೆ ನೆನಪಾದದ್ದೂ ಆಗಲೇ. ಅಲ್ಲಿಯವರೆಗೆ ಕೈಗಳು ಒಂದೋ ಬೆನ್ನ ಹಿಂದಿದ್ದವು, ಇಲ್ಲವೇ ಕಾಲರಿನ ಮೇಲಿದ್ದವು.

ಸಾಹೇಬರು ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಮಧ್ಯಾಹ್ನ ಒಂದರವರೆಗೆ ಎಸೆದರು. ಇಳಿತ ಮುಗಿದು ಭರತ ಏರಿತು, ಬೇರೆ ಮೀನು ಮುಟ್ಟಲಿಲ್ಲ. ಟೊಮೇಟೊ ಬಾತನ್ನು ಇಬ್ಬರೂ ಹಂಚಿಕೊಂಡು ತಿಂದು ಹೊರಟೆವು.

ದ್ವೀಪದ ಕಡೆಯ ಕ್ಲಿಂಟನ್ ಫೆರಿಕಟ್ಟೆಯಲ್ಲಿ ಒಂದು ಗಂಟೆಯ ಸಾಲು. ಪಾಪಪ್ರಜ್ಞೆ ತಡೆಯಲಾರದೆ, ಆಚೆ ದಡದಲ್ಲಿ ಒಂದು ಒಳ್ಳೆಯ ಮೀನಿನಂಗಡಿಯಿದೆಯಂತೆ ಎಂದೆ. ಸಸ್ಯಾಹಾರಿ ಸಾಕ್ಷಿಯ ಪ್ರಾಮಾಣಿಕತೆ ಒಂದು ಹಗಲು ಕೂಡ ಬಾಳಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

"ನಸೀಮಾ ಮೀನಿನ ಕಣ್ಣು ನೋಡಿ ಅದು ಸತ್ತು ಎಷ್ಟು ದಿನ ಆಯ್ತು ಅಂತ ಹೇಳ್ತಾಳೆ," ಎಂದರು ಸಾಹೇಬರು. "ಸುಮ್ನೆ ಇರಿ. ನಾನೂ ಒಪ್ಪಿದ್ನಲ್ಲ, ಇಬ್ರೂ ಸೇರಿ ಮಾಡಿದ ತಪ್ಪು." ಗಾಳದ ಕೋಲಿನ ಕಡೆ ನೋಡಿ ಹೇಳಿದರು: "ಡುವಾಲ್‌ನೋನು ಒಳ್ಳೆ ಮನುಷ್ಯ ಅಂತೆ. ಕೋಲು ಚೆನ್ನಾಗಿ ನೋಡ್ಕೋತಾನೆ ಬಿಡಿ."

ಹಡಗಿನಲ್ಲಿ ಅವರು ಹಿಂಬದಿಯ ಕಂಬಿಗೆ ಒರಗಿ ದ್ವೀಪ ಸಣ್ಣದಾಗುವವರೆಗೆ ನೋಡಿದರು. ಬಲಗೈ ಜೇಬಿನಲ್ಲಿತ್ತು.

ಮನೆ ತಲುಪಿದಾಗ ನಾಲ್ಕು ದಾಟಿತ್ತು. ನಸೀಮಾ ಬಾಗಿಲಲ್ಲೇ ನಿಂತಿದ್ದರು. ಮೊದಲು ಗಂಡನ ಪ್ಯಾಂಟು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿದರು, ಆಮೇಲೆ ಮೀನಿಗೆಂದು ಒಯ್ದಿದ್ದ ಖಾಲಿ ಪೆಟ್ಟಿಗೆಯನ್ನು, ಆಮೇಲೆ ನನ್ನನ್ನು. ನಾನು ಗಂಟಲು ಸರಿಮಾಡಿಕೊಂಡು ಹೇಳಿಕೆ ಕೊಟ್ಟೆ: ಮೀನು ಸಿಕ್ಕಿದ್ದು ನಿಜ, ನಾನು ಮುಟ್ಟದಿದ್ದದ್ದು ನಿಜ, ಸಾಹೇಬರು ತಮ್ಮ ಕೈಯಿಂದಲೇ ದಡಕ್ಕೆ ತಂದದ್ದು ನಿಜ, ಕಾನೂನನ್ನು ತಿರುವುಮುರುವು ಮಾಡಿ ಅದನ್ನು ಬಿಡಿಸಿದವನು ನಾನು. ಕುರ್ಬಾನಿಯ ಕುರಿಯ ಭಾಗ ಬಂದಾಗ ಅವರ ಮುಖದಲ್ಲಿ ಏನೋ ಅಲುಗಿತು. ಆದರೂ ನಗಲಿಲ್ಲ. ಗಂಡನ ಕಡೆ ತಿರುಗಿದರು.

"ಎಷ್ಟು ದೊಡ್ಡದಿತ್ತು?"

ಸಾಹೇಬರು ಬಲಗೈಯನ್ನು ಜೇಬಿನಿಂದ ತೆಗೆದು, ಎರಡು ಕೈಯನ್ನೂ ಎದೆಯ ಮುಂದೆ ಚಾಚಿ ಅಳತೆ ತೋರಿಸಿದರು. ಮೂರು ಅಡಿ. ನಿಜಕ್ಕಿಂತ ಅರ್ಧ ಅಡಿ ಹೆಚ್ಚು, ಸಾಕ್ಷಿ ಆಕ್ಷೇಪಿಸಲಿಲ್ಲ. ನಸೀಮಾ ಅಳತೆಯನ್ನು ನೋಡುತ್ತಿರಲಿಲ್ಲ. ಭುಜದೆತ್ತರಕ್ಕೆ ಬಂದು ನಿಂತಿದ್ದ ಬಲಗೈಯನ್ನೇ ನೋಡುತ್ತಿದ್ದರು.

"ಅಷ್ಟೇನಾ?" ಎಂದರು.

ಸಾಹೇಬರು ಇನ್ನಷ್ಟು ಅಗಲಿಸಿದರು. ಕೈ ನಡುಗಿತು, ಇಳಿಯಲಿಲ್ಲ.

"ಇನ್ನೂ ದೊಡ್ಡದಿತ್ತಾ?"

ಮೀನು ನಾಲ್ಕು ಅಡಿ ದಾಟಿತು, ಐದಕ್ಕೆ ಹೊರಟಿತು. ಬಲಗೈಯ ಬೆರಳುಗಳು ಪೂರಾ ಬಿಚ್ಚಿಕೊಂಡು ಬಾಗಿಲಿನ ಚೌಕಟ್ಟಿಗೆ ತಾಗಿದವು. ನಸೀಮಾ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆ ಕೋಲನ್ನ ಒಳಗೆ ತನ್ನಿ ಮೇಷ್ಟ್ರೇ. ಉಪ್ಪುನೀರು ಮುಟ್ಟಿದೆ, ತೊಳೆದಿಡ್ಬೇಕು."